ಕಸುಬು ಬಲ್ಲವನು ಯಾರು?

ಪುಣೆಯ ಹಡಪಸರ ದಾಟಿ ದಿವೆ ಘಾಟ್ ಹತ್ತಿದರೆ ಸಾಸವಡ. ಪುರಂದರ ತಾಲೂಕಿನ ಮುಖ್ಯ ಊರು. ಕರ್ಹಾ ನದಿಯ ದಡ, ಸಂತ ಸೋಪಾನದೇವರ ಸಮಾಧಿ, ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಾಲಖಿ ತಂಗುವ ಜಾಗ. ಇನ್ನೂ ಮುಂದಕ್ಕೆ ಹೋದರೆ ಜೇಜುರಿ. ನಮ್ಮ ಕಡೆಯವರಿಗೆ ಅದು ಮೈಲಾರಲಿಂಗನ ಇನ್ನೊಂದು ಮನೆ. ನೆತ್ತಿಯ ಮೇಲೆ ಪುರಂದರಗಡ. ಪುರಂದರದಾಸರ ಮೂಲ ಈ ಗಡವೋ, ತೀರ್ಥಹಳ್ಳಿಯ ಬಳಿಯ ಆರಗವೋ ಎಂಬ ವಾದ ನಿಮಗೂ ಗೊತ್ತಿರುತ್ತದೆ. ‘ಮೊದಲು ಯಾರದು’ ಎಂಬ ಜಗಳಕ್ಕೆ ಈ ಸೀಮೆ ಹೊಸದೇನಲ್ಲ.

ಈ ಊರಿನ ಹೊರಗೆ ತಗಡಿನ ಶೆಡ್ಡೊಂದರಲ್ಲಿ ನನ್ನ ಗೆಳೆಯನ ವರ್ಕ್‌ಶಾಪ್ ಇದೆ. ವಿಜಯಪುರ ಕಡೆಯವನು, ನನಗಿಂತ ಹದಿನೈದು ವರ್ಷ ಚಿಕ್ಕವನು. ನಿರ್ವಾತ ಯಂತ್ರಗಳ ರಿಪೇರಿ ಅವನ ಹೊಟ್ಟೆಪಾಡು. ಪಂಪು, ಗೇಜು, ಹೀಲಿಯಂ ಹಾಯಿಸಿ ಸೋರಿಕೆ ಹಿಡಿಯುವ ಯಂತ್ರ, ಹೀಗೆ. ಹೋದ ಚಳಿಗಾಲದಲ್ಲಿ ಒಂದು ಭಾನುವಾರ ಫೋನ್ ಮಾಡಿ ಕರೆಸಿಕೊಂಡ. ಟೇಬಲ್ಲಿನ ಮೇಲೆ ಒಂದು ಕಾಗದ ಇಟ್ಟ.

“ಸರ, ಇದನ್ನ ಓದ್ರಿ. ಎರಡು ವರ್ಷ ರಾತ್ರಿ ಹಗಲು ಕುಂತು ಮಾಡೀನಿ. ಹೊಸಾದಲ್ಲ ಅಂತಾರ.”

ಅದು ಅವನ ಪೇಟೆಂಟ್ ಅರ್ಜಿಗೆ ಬಂದ ಮೊದಲ ಪರೀಕ್ಷಾ ವರದಿ. ಅವನು ಹಕ್ಕು ಕೇಳಿದ್ದು ಒಂದು ಅಯಾನ್ ಸೋರ್ಸ್‌ನ ವಿನ್ಯಾಸಕ್ಕೆ. ಆ ಕಾಗದ ನೆಪವಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ದೇಶದಲ್ಲಿ ಪೇಟೆಂಟ್ ಸಿಕ್ಕಿದ್ದು ಸುದ್ದಿಯಾಗುತ್ತದೆ, ಪೇಟೆಂಟ್ ಪರೀಕ್ಷೆ ಸುದ್ದಿಯಾಗುವುದಿಲ್ಲ. ಬೆಲೆ ಇರುವುದೆಲ್ಲ ಆ ಪರೀಕ್ಷೆಯಲ್ಲೇ ಎಂಬುದು ನನ್ನ ವಾದ.

ಮೊದಲು ಅಯಾನ್ ಸೋರ್ಸ್ ಎಂದರೇನು ಎಂಬುದನ್ನು ಹೇಳಿಬಿಡುತ್ತೇನೆ. ಒಂದು ಅಣುವನ್ನು ತೂಗಬೇಕು ಅಂದುಕೊಳ್ಳಿ. ಅದಕ್ಕೆ ವಿದ್ಯುದಂಶ ಇಲ್ಲದಿದ್ದರೆ ವಿದ್ಯುತ್ತಾಗಲಿ ಅಯಸ್ಕಾಂತವಾಗಲಿ ಅದನ್ನು ಎಳೆಯಲಾರದು. ಒಂದು ಎಲೆಕ್ಟ್ರಾನ್ ಕಿತ್ತುಬಿಟ್ಟರೆ ಅಥವಾ ಹೊರಗಿನಿಂದ ವಿದ್ಯುದಂಶ ಹಚ್ಚಿದರೆ ಅದು ಅಯಾನು ಆಗುತ್ತದೆ. ಆಮೇಲೆ ಎಳೆಯಬಹುದು, ಬಾಗಿಸಬಹುದು, ಎಷ್ಟು ಬಾಗಿತು ಎಂದು ನೋಡಿ ತೂಕ ಹೇಳಬಹುದು. ಈ ಮೊದಲ ಕೆಲಸ ಮಾಡುವ ಭಾಗವೇ ಅಯಾನ್ ಸೋರ್ಸ್. ತರಕಾರಿಯಲ್ಲಿ ಕೀಟನಾಶಕ ಉಳಿದಿದೆಯೇ, ಓಟಗಾರ ಮದ್ದು ತಿಂದಿದ್ದಾನೆಯೇ, ಫ್ರಿಜ್ಜಿನ ಕೊಳವೆ ಸೋರುತ್ತದೆಯೇ ಎಂದು ಹೇಳುವ ಯಂತ್ರಗಳ ಒಳಗೆಲ್ಲ ಅದು ಒಂದಲ್ಲ ಒಂದು ರೂಪದಲ್ಲಿದೆ.

ಹಳೆಯ, ಗಟ್ಟಿ ಬಗೆಯದು ಹೀಗಿರುತ್ತದೆ: ಒಂದು ಫಿಲಮೆಂಟು ಕಾದು ಎಲೆಕ್ಟ್ರಾನ್ ಉಗುಳುತ್ತದೆ. ಅವು ಸಾಮಾನ್ಯವಾಗಿ 70 ವೋಲ್ಟಿನ ಸೆಳೆತಕ್ಕೆ ಸಿಕ್ಕಿ ಒಂದು ಸಣ್ಣ ಸೀಳಿನ ಮೂಲಕ ಪೆಟ್ಟಿಗೆಯೊಳಕ್ಕೆ ನುಗ್ಗಿ ಅಲ್ಲಿರುವ ಅನಿಲಕ್ಕೆ ಬಡಿಯುತ್ತವೆ. ಅಯಾನುಗಳು ಹುಟ್ಟುತ್ತವೆ, ಅವನ್ನು ಇನ್ನೊಂದು ಕಡೆಯಿಂದ ಹೊರಗೆಳೆಯುತ್ತಾರೆ. ತೊಂದರೆ ಇರುವುದು ಫಿಲಮೆಂಟಿನಲ್ಲಿ. ಅದು ಬಲ್ಬಿನ ತಂತಿಯ ಹಾಗೆ ಒಂದು ದಿನ ಸುಟ್ಟುಹೋಗುತ್ತದೆ. ಹೊಸದನ್ನು ಹಾಕಿದಾಗ ಅದು ಸೀಳಿನ ಎದುರಿಗೆ ಕೂದಲೆಳೆಯಷ್ಟು ಆಚೀಚೆ ಕೂತರೂ ಯಂತ್ರದ ಸೂಕ್ಷ್ಮತೆ ಬದಲಾಗುತ್ತದೆ. ಮತ್ತೆ ಹೊಂದಿಸಬೇಕು, ಮತ್ತೆ ಅಳತೆ ತೆಗೆಯಬೇಕು.

ನನ್ನ ಗೆಳೆಯ ಮಾಡಿದ್ದು ಇಷ್ಟು. ಫಿಲಮೆಂಟಿನ ತಟ್ಟೆಯನ್ನು ಮೂರು ಗುಂಡುಗಳ ಮೇಲೆ ಕೂರಿಸಿದ. ಗುಂಡುಗಳು ಮೂರು ವಿ ಆಕಾರದ ಗ್ರೂವ್‌ಗಳಲ್ಲಿ ಕೂರುತ್ತವೆ. ಎಷ್ಟು ಸಲ ತೆಗೆದು ಹಾಕಿದರೂ ತಟ್ಟೆ ಅದೇ ಜಾಗಕ್ಕೆ ಬರುತ್ತದೆ.

ಪರೀಕ್ಷಕರ ವರದಿ ಎರಡು ಹಳೆಯ ದಾಖಲೆ ತೋರಿಸಿತ್ತು. ಒಂದರಲ್ಲಿ ಕಳಚಿ ಹಾಕಬಲ್ಲ ಫಿಲಮೆಂಟು. ಇನ್ನೊಂದರಲ್ಲಿ ಮೂರು ಗುಂಡು, ಮೂರು ಗ್ರೂವ್‌ಗಳ ಜೋಡಣೆ, ಅದು ಕನ್ನಡಿ ಕೂರಿಸುವುದಕ್ಕೆ. ಒಂದನ್ನು ಇನ್ನೊಂದಕ್ಕೆ ಸೇರಿಸುವುದು ಆ ಕಸುಬು ಬಲ್ಲವನಿಗೆ ಹೊಳೆಯುವಂಥದ್ದೇ, ಆದ್ದರಿಂದ ಮೊದಲ ಕ್ಲೇಮು ನಿಲ್ಲುವುದಿಲ್ಲ ಎಂದಿತ್ತು.

ನಾನು ಓದಿ ಹೇಳಿದೆ: “ತಮ್ಮಾ, ಬೇಜಾರಾಗಬೇಡ. ಇವರು ಹೇಳೋದು ಸರಿ ಇದೆ.”

ಅವನ ಮುಖ ಸಣ್ಣಗಾಯಿತು. ಆದರೆ ಸತ್ಯ ಅದೇ. ಮೂರು ಗ್ರೂವ್‌ಗಳ ಉಪಾಯ 19ನೇ ಶತಮಾನದ್ದು, ಮ್ಯಾಕ್ಸ್‌ವೆಲ್ ಮತ್ತು ಕೆಲ್ವಿನ್ ಕಾಲದ್ದು. ಒಂದು ವಸ್ತುವಿಗೆ ಆರು ಬಗೆಯ ಚಲನೆ, ಆರು ಕಡೆ ಮುಟ್ಟಿಸಿದರೆ ಅದು ಅಲುಗದೆ ಒಂದೇ ಜಾಗದಲ್ಲಿ ಕೂರುತ್ತದೆ ಎಂಬುದು ಉಪಕರಣ ಮಾಡುವವರ ಬಾಲಪಾಠ. ಅದನ್ನು ಫಿಲಮೆಂಟಿಗೆ ಹಚ್ಚಿದ್ದಕ್ಕೇ 20 ವರ್ಷದ ಏಕಸ್ವಾಮ್ಯ ಕೊಟ್ಟರೆ, ನಾಳೆ ಪುಣೆಯಲ್ಲೋ ಪೀಣ್ಯದಲ್ಲೋ ಇನ್ನೊಬ್ಬ ಇದೇ ಬಾಲಪಾಠ ಬಳಸಿದಾಗ ಅವನಿಗೆ ನೋಟಿಸು ಹೋಗುತ್ತದೆ.

ಈ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟು 1978ರಲ್ಲಿ ಕೊಟ್ಟ ತೀರ್ಪೊಂದನ್ನು ಪೇಟೆಂಟ್ ವಕೀಲರು ಇವತ್ತಿಗೂ ಉಲ್ಲೇಖಿಸುತ್ತಾರೆ. ಬಿಶ್ವನಾಥ ಪ್ರಸಾದ ರಾಧೇಶ್ಯಾಮ್ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ನಡುವಿನ ವ್ಯಾಜ್ಯ. ಇಬ್ಬರೂ ಮಿರ್ಜಾಪುರದಲ್ಲಿ ಪಾತ್ರೆ ಮಾಡುವವರು. ಲೇತಿನ ಮೇಲೆ ಪಾತ್ರೆಯನ್ನು ಹಿಡಿದಿಡುವ ಒಂದು ಸಾಧನಕ್ಕೆ 1951ರ ಪೇಟೆಂಟ್ ಇತ್ತು. ಅದು ತನ್ನದು ಎಂದು ಒಬ್ಬರು ಇನ್ನೊಬ್ಬರ ಮೇಲೆ ದಾವೆ ಹೂಡಿದರು. ಕೊನೆಗೆ ಕೋರ್ಟು ಹೇಳಿದ್ದು: ವರ್ಕ್‌ಶಾಪಿನಲ್ಲಿ ಯಾರಾದರೂ ಮಾಡಿಕೊಳ್ಳುವಂಥ ಸುಧಾರಣೆ ಆವಿಷ್ಕಾರವಲ್ಲ, ಪೇಟೆಂಟ್ ರದ್ದು. ಸೀಲು ಬಿದ್ದ ಮಾತ್ರಕ್ಕೆ ಪೇಟೆಂಟಿನ ಸಿಂಧುತ್ವಕ್ಕೆ ಖಾತ್ರಿಯಿಲ್ಲ ಎಂಬುದನ್ನೂ ಅದೇ ತೀರ್ಪು ನೆನಪಿಸಿತು. 1951ರ ಪೇಟೆಂಟಿಗೆ 1978ರಲ್ಲಿ ಉತ್ತರ. ಪರೀಕ್ಷೆಯ ಮೇಜಿನ ಮೇಲೆಯೇ ಆ ಪ್ರಶ್ನೆ ಬಗೆಹರಿದಿದ್ದರೆ ಎರಡು ಪಾತ್ರೆ ಕಾರ್ಖಾನೆಗಳ ಎಷ್ಟು ವರ್ಷ, ಎಷ್ಟು ದುಡ್ಡು ಉಳಿಯುತ್ತಿತ್ತು?

ಸಣ್ಣವರಿಗೆ ಪರೀಕ್ಷೆ ಸಡಿಲ ಇರಬೇಕು ಎಂದು ವಾದಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸಡಿಲ ಪೇಟೆಂಟ್ ಅಸ್ತ್ರವಾಗುವುದು ವಕೀಲರಿಗೆ ಕೊಡಲು ದುಡ್ಡಿದ್ದವನ ಕೈಯಲ್ಲಿ. ಸಣ್ಣವನಿಗೆ ಶುಲ್ಕ ಕಡಿಮೆ ಇರಲಿ. ಈಗಲೂ ವ್ಯಕ್ತಿಯೊಬ್ಬ ಆನ್‌ಲೈನಿನಲ್ಲಿ ಅರ್ಜಿ ಹಾಕಲು 1,600 ರೂಪಾಯಿ, ಪರೀಕ್ಷೆ ಕೋರಲು 4,000 ರೂಪಾಯಿ. ದೊಡ್ಡ ಕಂಪನಿಗೆ ಅದರ ಐದು ಪಟ್ಟು. ಅದು ನ್ಯಾಯ. ಆದರೆ ತಕ್ಕಡಿ ಇಬ್ಬರಿಗೂ ಒಂದೇ ಇರಬೇಕು.

ಹಾಗಾದರೆ ನನ್ನ ಗೆಳೆಯನ ಕೆಲಸದಲ್ಲಿ ಹೊಸದೇನೂ ಇರಲಿಲ್ಲವೇ? ಅಂದು ನಾನು ಇಲ್ಲ ಅಂದುಕೊಂಡೇ ಚಹಾ ಕುಡಿಯುತ್ತಿದ್ದೆ. ಆಗ ನಡೆದದ್ದನ್ನು ಹೇಳಬೇಕು.

ಶೆಡ್ಡಿನಲ್ಲಿ ಲೇತು, ಮಿಲ್ಲಿಂಗ್ ನೋಡಿಕೊಳ್ಳುವವನು ಅಲ್ಲಿಯದೇ ಹಳ್ಳಿಯ ಮರಾಠಿ ಮನುಷ್ಯ. ಆ ಗ್ರೂವ್‌ಗಳನ್ನು ಕೊರೆದವನು ಅವನೇ. ಅರ್ಜಿ ಇಂಗ್ಲಿಷಿನಲ್ಲಿತ್ತು, ಅವನು ಅದನ್ನು ಓದಿರಲಿಲ್ಲ. ನಾವು ತಲೆ ಕೆಡಿಸಿಕೊಂಡಿದ್ದನ್ನು ಕಂಡು ಏನದು ಎಂದು ಕೇಳಿದ. ಗೆಳೆಯ ಮೊದಲ ಕ್ಲೇಮನ್ನು ಮರಾಠಿಯಲ್ಲಿ ಓದಿ ಹೇಳಿದ. ಆ ಮನುಷ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ವೈರಿನ ವಿಷಯ ಎಲ್ಲಿ ಬರೆದಿದ್ದೀರಿ?”

ಫಿಲಮೆಂಟು ಕಾಯಲು ಕರೆಂಟು ಬೇಕು, ಕರೆಂಟಿಗೆ ವೈರು ಬೇಕು. ಹಲವು ಆಂಪಿಯರ್ ಹೊರುವ ವೈರು ಬಿರುಸಾಗಿರುತ್ತದೆ. ಅದು ತಟ್ಟೆಯನ್ನು ಎಳೆಯುತ್ತದೆ. ಗುಂಡಿನ ಮೇಲೆ ಎಷ್ಟೇ ಚೆನ್ನಾಗಿ ಕೂರಿಸಿದರೂ ಕಾದಾಗ ವೈರು ಎಳೆದು ಅದನ್ನು ಕದಲಿಸಿಬಿಡುತ್ತದೆ. ಕನ್ನಡಿಗೆ ಈ ಸಮಸ್ಯೆ ಇಲ್ಲ, ಕನ್ನಡಿಗೆ ಕರೆಂಟು ಬೇಡ. ಇವರಿಬ್ಬರೂ ತಿಂಗಳುಗಟ್ಟಲೆ ಒದ್ದಾಡಿದ್ದು ಇದರ ಜೊತೆಗೇ. ಕೊನೆಗೆ ವೈರನ್ನೇ ತೆಗೆದುಹಾಕಿ, ಮೂರರಲ್ಲಿ ಎರಡು ಗುಂಡುಗಳನ್ನು ಲೋಹದ್ದಾಗಿ ಮಾಡಿ, ಅವುಗಳ ಮೂಲಕವೇ ಕರೆಂಟು ಹಾಯಿಸಿದರು. ಮೂರನೆಯದು ಸಿರಾಮಿಕ್. ಕೂರಿಸುವ ಗುಂಡೇ ಕರೆಂಟನ್ನೂ ತರುತ್ತದೆ, ಎಳೆಯುವುದಕ್ಕೆ ಏನೂ ಉಳಿದಿಲ್ಲ.

ಅರ್ಜಿ ಬರೆದುಕೊಟ್ಟವರು ಇದನ್ನು ಮುಖ್ಯವೆಂದು ಎಣಿಸಿರಲಿಲ್ಲ. ಹಕ್ಕು ಅಗಲವಾಗಿರಲಿ ಎಂದು ‘ಮೂರು ಗುಂಡು, ಮೂರು ಗ್ರೂವ್’ ಎಂದಷ್ಟೇ ಕ್ಲೇಮು ಹಾಕಿದ್ದರು. ಪುಣ್ಯಕ್ಕೆ ವಿವರಣೆಯ ಒಳಗೆಲ್ಲೋ ಒಂದು ವಾಕ್ಯ ಉಳಿದಿತ್ತು: ಎರಡು ಗುಂಡುಗಳು ಲೋಹದ್ದಾಗಿದ್ದು ಫಿಲಮೆಂಟಿನ ಕರೆಂಟನ್ನು ಅವುಗಳ ಮೂಲಕ ಹಾಯಿಸಬಹುದು ಎಂದು. ಆ ಒಂದು ವಾಕ್ಯ ಇಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪೇಟೆಂಟ್ ಕಾಯಿದೆಯ 59ನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕಿದ ಮೇಲೆ ಕ್ಲೇಮನ್ನು ಕಿರಿದು ಮಾಡಬಹುದು, ಮೂಲದಲ್ಲಿ ಇಲ್ಲದ ಹೊಸ ವಿಷಯ ಸೇರಿಸುವಂತಿಲ್ಲ.

ಇಲ್ಲಿಗೆ ನನ್ನ ಶೀರ್ಷಿಕೆಯ ಪ್ರಶ್ನೆ ಬಂತು. ನಮ್ಮ ಕಾಯಿದೆಯ 2ನೇ ಸೆಕ್ಷನ್ ಆವಿಷ್ಕಾರದ ಹೆಜ್ಜೆಗೆ ಎರಡು ಷರತ್ತು ಇಡುತ್ತದೆ. ಇರುವ ತಿಳಿವಳಿಕೆಗಿಂತ ತಾಂತ್ರಿಕವಾಗಿ ಮುಂದೆ ಹೋಗಿರಬೇಕು ಅಥವಾ ಆರ್ಥಿಕ ಮಹತ್ವ ಇರಬೇಕು, ಅಥವಾ ಎರಡೂ. ಜೊತೆಗೆ, ಆ ಕಸುಬು ಬಲ್ಲವನಿಗೆ ಅದು ಸಹಜವಾಗಿ ಹೊಳೆಯುವಂಥದ್ದಾಗಿರಬಾರದು. ಈ ‘ಕಸುಬು ಬಲ್ಲವನು’ ಕಾಯಿದೆಯ ಕಲ್ಪನೆಯ ಮನುಷ್ಯ. ಅವನಿಗೆ ಹಳೆಯ ದಾಖಲೆಗಳೆಲ್ಲ ಗೊತ್ತು, ಆದರೆ ಹೊಸತನ್ನು ಹುಟ್ಟಿಸುವ ಕಿಡಿ ಇಲ್ಲ. ಪರೀಕ್ಷಕ ತಾನು ಅವನಾಗಿ ಯೋಚಿಸಬೇಕು. ಆದರೆ ಪರೀಕ್ಷಕನ ಎದುರು ಇರುವುದು ಕಾಗದ. ವೈರು ಎಳೆಯುತ್ತದೆ ಎಂಬುದು ಕಾಗದದಲ್ಲಿ ಇರದಿದ್ದರೆ ಅವನಿಗೆ ಹೇಗೆ ಗೊತ್ತಾಗಬೇಕು? ಶೆಡ್ಡಿನಲ್ಲಿದ್ದ ನಿಜವಾದ ಕಸುಬುದಾರನಿಗೆ ಗೊತ್ತಿತ್ತು. ಅವನನ್ನು ಯಾರೂ ಕೇಳಿರಲಿಲ್ಲ.

ಅಯಾನ್ ಸೋರ್ಸ್‌ಗಳ ಚರಿತ್ರೆಯೇ ಇಂಥ ಸಣ್ಣ ಸಂಗತಿಗಳ ಚರಿತ್ರೆ. ಜಾನ್ ಫೆನ್ ಅವರ ಕತೆ ನೋಡಿ. ದ್ರವವನ್ನು ಸೂಜಿಯ ತುದಿಯಿಂದ ಹೆಚ್ಚು ವೋಲ್ಟೇಜಿನಲ್ಲಿ ಸಿಂಪಡಿಸಿ ದೊಡ್ಡ ಅಣುಗಳಿಗೆ ವಿದ್ಯುದಂಶ ಹಚ್ಚುವ ಯತ್ನವನ್ನು ಮಾಲ್ಕಮ್ ಡೋಲ್ 1968ರಲ್ಲೇ ಪ್ರಕಟಿಸಿದ್ದರು. ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಫೆನ್ 1980ರ ದಶಕದಲ್ಲಿ ಅದನ್ನೇ ಕೈಗೆತ್ತಿಕೊಂಡರು. ಸಿಂಪರಣೆಗೆ ಎದುರಾಗಿ ಒಣ ಅನಿಲ ಹಾಯಿಸಿ ಹನಿಗಳನ್ನು ಒಣಗಿಸಿದ್ದು, ಒಂದೊಂದು ಅಣುವಿಗೂ ಹಲವು ವಿದ್ಯುದಂಶಗಳು ಕೂರುವುದನ್ನು ಲೆಕ್ಕಕ್ಕೆ ಬಳಸಿಕೊಂಡದ್ದು, ಇಂಥವುಗಳಿಂದ ಕೆಲಸ ಕೈಗೂಡಿತು. ಪ್ರೋಟೀನಿನಂಥ ಭಾರಿ ಅಣು ಮುರಿಯದೆ ಹಾರತೊಡಗಿತು. ಅವರು ತಮ್ಮ ನೊಬೆಲ್ ಉಪನ್ಯಾಸಕ್ಕೆ ಇಟ್ಟ ಹೆಸರಿನಲ್ಲೇ ಅಣು-ಆನೆಗಳಿಗೆ ರೆಕ್ಕೆ ಕಟ್ಟುವ ಮಾತಿದೆ. ಡೋಲ್ ಅವರ ಲೇಖನ ಕೈಯಲ್ಲಿ ಹಿಡಿದು, ‘ಇದೇನು ಮಹಾ, ಎಲ್ಲ ಮೊದಲೇ ಇತ್ತಲ್ಲ’ ಎಂದು ಹಿಂದಿನಿಂದ ಹೇಳುವುದು ಸುಲಭ.

ಅದೇ 2002ರ ರಸಾಯನ ನೊಬೆಲ್ಲಿನಲ್ಲಿ ಪಾಲು ಪಡೆದ ಕೊಯಿಚಿ ತನಾಕಾ ಶಿಮಾಜು ಕಂಪನಿಯ ಇಂಜಿನಿಯರು. ಸೂಕ್ಷ್ಮ ಲೋಹದ ಪುಡಿಗೆ ತಪ್ಪಿ ಗ್ಲಿಸರಿನ್ ಬೆರೆಸಿಬಿಟ್ಟರು. ಪುಡಿ ದುಬಾರಿ, ಎಸೆಯಲು ಮನಸ್ಸು ಬರಲಿಲ್ಲ. ಲೇಸರ್ ಹಾಯಿಸಿ ನೋಡಿದರೆ ದೊಡ್ಡ ಅಣು ಇಡಿಯಾಗಿ ಎದ್ದುಬಂತು. 1985ರಲ್ಲೇ ಅದಕ್ಕೆ ಪೇಟೆಂಟ್ ಅರ್ಜಿ ಹೋಯಿತು. ಯಾರು ಮೊದಲು ಎಂಬ ಚರ್ಚೆ ಆಮೇಲೆ ಎಷ್ಟು ನಡೆದರೂ ದಿನಾಂಕ ಹೊತ್ತ ಆ ಕಾಗದ ಇತ್ತು.

ಕಾಗದ ತಪ್ಪಾದರೆ ಏನಾಗುತ್ತದೆ ಎಂಬುದಕ್ಕೂ ಫೆನ್ ಅವರೇ ಉದಾಹರಣೆ. ಅವರು ಆವಿಷ್ಕಾರದ ವಾಣಿಜ್ಯ ಬೆಲೆಯನ್ನು ಯೇಲ್‌ಗೆ ಸರಿಯಾಗಿ ತಿಳಿಸದೆ ತಮ್ಮ ಹೆಸರಿನಲ್ಲೇ ಪೇಟೆಂಟ್ ಪಡೆದರು ಎಂದು ವ್ಯಾಜ್ಯವಾಯಿತು. 2005ರಲ್ಲಿ ಅಮೆರಿಕದ ಫೆಡರಲ್ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟು, ರಾಯಧನ, ದಂಡ, ವಕೀಲರ ಖರ್ಚು ಎಲ್ಲ ಸೇರಿ ಹತ್ತು ಲಕ್ಷ ಡಾಲರಿಗೂ ಹೆಚ್ಚು ಕೊಡಲು ಹೇಳಿತು. ನೊಬೆಲ್ ಬಂದು ಮೂರು ವರ್ಷವೂ ತುಂಬಿರಲಿಲ್ಲ.

ಅಯಾನ್ ಸೋರ್ಸ್ ಎಂದರೆ ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ಬಾಂಬಿಗಾಗಿ ಯುರೇನಿಯಂ-235 ಬೇರ್ಪಡಿಸಿದ ಕ್ಯಾಲುಟ್ರಾನ್ ಯಂತ್ರಗಳ ಒಳಗೂ ಇದ್ದದ್ದು ಅಯಾನ್ ಸೋರ್ಸೇ. ನಮ್ಮ 1970ರ ಪೇಟೆಂಟ್ ಕಾಯಿದೆ ತನ್ನ 4ನೇ ಸೆಕ್ಷನ್ನಿನಲ್ಲಿ, 1962ರ ಪರಮಾಣು ಶಕ್ತಿ ಕಾಯಿದೆಯ ವ್ಯಾಪ್ತಿಗೆ ಬರುವ ಆವಿಷ್ಕಾರಗಳಿಗೆ ಬಾಗಿಲು ಹಾಕಿತ್ತು. ಯಾವುದು ಆ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಕೇಂದ್ರ ಸರ್ಕಾರ. ದೇಶದ ಭದ್ರತೆಯ ಕಾರಣ ನನಗೆ ಅರ್ಥವಾಗುತ್ತದೆ. ಇದರಿಂದ ಅರ್ಜಿದಾರ ಕಲಿಯಬೇಕಾದದ್ದು ಒಂದೇ: ನಿನ್ನ ಸೋರ್ಸ್ ಯಾವ ಕೆಲಸಕ್ಕೆ, ಎಷ್ಟು ಕರೆಂಟಿಗೆ, ಯಾವ ಯಂತ್ರಕ್ಕೆ ಎಂದು ಬಿಡಿಸಿ ಬರೆ. ಅಗಲವಾಗಿರಲಿ ಎಂದು ‘ಯಾವುದೇ ಅಯಾನಿಗೆ, ಯಾವುದೇ ಉಪಯೋಗಕ್ಕೆ’ ಎಂದು ಬರೆದವನು ಬೇಡದ ಬಾಗಿಲನ್ನು ತಾನೇ ತಟ್ಟಿದಂತೆ.

ಈಗ ಪರೀಕ್ಷಕರ ಕಡೆಗೆ ಬರುತ್ತೇನೆ. ಅವರಿಂದ ನಾನು ಕೇಳುವುದು ಕನಿಕರವಲ್ಲ, ಕಾರಣ. ‘ಮೊದಲ ದಾಖಲೆಗೆ ಎರಡನೆಯದನ್ನು ಸೇರಿಸಿದರೆ ಇದು ಬರುತ್ತದೆ’ ಎಂದರೆ ಸಾಲದು. ಯಾಕೆ ಸೇರಿಸುತ್ತಾನೆ? ಫಿಲಮೆಂಟು ಮಾಡುವವನು ಕನ್ನಡಿ ಕೂರಿಸುವವನ ಪುಸ್ತಕ ಯಾಕೆ ತೆರೆಯುತ್ತಾನೆ? ನನ್ನ ಗೆಳೆಯನ ವರದಿಯಲ್ಲಿ ಅದಕ್ಕೂ ಒಂದು ಸಾಲು ಉತ್ತರವಿತ್ತು, ಆದ್ದರಿಂದಲೇ ನಾನು ಒಪ್ಪಿದೆ. ಎಲ್ಲ ಕಡೆ ಹೀಗಿರುವುದಿಲ್ಲ. 2022ರಲ್ಲಿ ಅಗ್ರಿಬೋರ್ಡ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟು ಇದನ್ನೇ ಹೇಳಬೇಕಾಯಿತು: ಹಳೆಯ ದಾಖಲೆಯಲ್ಲಿ ಏನಿದೆ, ಅರ್ಜಿಯಲ್ಲಿ ಏನಿದೆ, ಅದರಿಂದ ಇದು ಕಸುಬು ಬಲ್ಲವನಿಗೆ ಹೇಗೆ ಹೊಳೆಯುತ್ತದೆ, ಈ ಮೂರನ್ನೂ ಚರ್ಚಿಸದೆ ಬರೀ ತೀರ್ಮಾನ ಬರೆದು ಅರ್ಜಿ ತಿರಸ್ಕರಿಸುವಂತಿಲ್ಲ. ಹೈಕೋರ್ಟಿಗೆ ಹೋಗುವ ಶಕ್ತಿ ಎಷ್ಟು ಶೆಡ್ಡುಗಳಿಗಿದೆ? ಆದ್ದರಿಂದ ಕಾರಣ ಮೊದಲ ವರದಿಯಲ್ಲೇ ಇರಬೇಕು.

ಒಂದು ಮಾತು ಲೆಕ್ಕದ ಬಗ್ಗೆ. 2023ರ ಮಾರ್ಚ್ 15ರಿಂದ 2024ರ ಮಾರ್ಚ್ 14ರವರೆಗಿನ ಒಂದೇ ವರ್ಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟ್ ಕೊಟ್ಟೆವು ಎಂದು ಸರ್ಕಾರ ಹೆಮ್ಮೆಯಿಂದ ಹೇಳಿತು. ವರ್ಷಗಟ್ಟಲೆ ಕೊಳೆಯುತ್ತಿದ್ದ ಅರ್ಜಿಗಳು ವಿಲೇವಾರಿ ಆದದ್ದು ಒಳ್ಳೆಯದೇ. ಆದರೆ ಸಂಖ್ಯೆಯನ್ನೇ ಸಾಧನೆ ಎಂದು ಎಣಿಸಲು ಶುರು ಮಾಡಿದರೆ ಪರೀಕ್ಷಕನ ಮೇಲೆ ಒತ್ತಡ ಬೀಳುತ್ತದೆ, ಕಾಲೇಜುಗಳ ಮೇಲೂ ಬೀಳುತ್ತದೆ. ರ‍್ಯಾಂಕಿಂಗಿಗೆ ಬೇಕು ಎಂದು ಹಾಕಿದ ಅರ್ಜಿಗೂ, ವೈರು ಎಳೆಯುತ್ತದಲ್ಲ ಎಂದು ರಾತ್ರಿ ನಿದ್ದೆಗೆಟ್ಟು ಹುಟ್ಟಿದ ಅರ್ಜಿಗೂ ಒಂದೇ ಸಾಲು, ಒಂದೇ ಗಡಿಯಾರ. ಮೊದಲನೆಯವು ಹೆಚ್ಚಿದಷ್ಟೂ ಎರಡನೆಯವಕ್ಕೆ ಸಿಗುವ ಗಮನ ಕಡಿಮೆ.

ಕೊನೆಯ ಮಾತು ಭಾಷೆಯದು. ಪೇಟೆಂಟ್ ಎಂದರೆ ಒಂದು ಚೌಕಾಸಿ. ನೀನು ಗುಟ್ಟನ್ನು ಬಿಚ್ಚಿ ಹೇಳು, ನಾವು ನಿನಗೆ 20 ವರ್ಷ ಹಕ್ಕು ಕೊಡುತ್ತೇವೆ, ಆಮೇಲೆ ಅದು ಎಲ್ಲರದು. ಬಿಚ್ಚಿ ಹೇಳುವುದು ಯಾರಿಗೆ? ನಿಯಮದ ಪ್ರಕಾರ ಅರ್ಜಿ ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಮಹಾರಾಷ್ಟ್ರದವರು ಮುಂಬೈ ಕಚೇರಿಗೆ ಹಾಕುತ್ತಾರೆ, ಕರ್ನಾಟಕದವರು ಚೆನ್ನೈಗೆ. ಸಾಸವಡದ ಆ ಮಿಲ್ಲಿಂಗ್ ಕೆಲಸಗಾರನಿಗೆ, ರಾಜಾಜಿನಗರದ ಟೂಲ್‌ರೂಮಿನವನಿಗೆ, ಬೆಳಗಾವಿಯ ಫೌಂಡ್ರಿಯವನಿಗೆ ಈ ಬಿಚ್ಚಿದ ಗುಟ್ಟು ಮುಚ್ಚಿಯೇ ಇರುತ್ತದೆ. ಸಮಾಜ ಕೊಟ್ಟ ಹಕ್ಕಿಗೆ ಪ್ರತಿಯಾಗಿ ಬರಬೇಕಾದ್ದು ಅರ್ಧವೇ ಬಂದಂತಾಯಿತು.

ಇಡೀ ದಾಖಲೆ ಅನುವಾದವಾಗಲಿ ಎಂದು ನಾನು ಕೇಳುವುದಿಲ್ಲ. ಒಂದು ಪದ ತಪ್ಪಿದರೆ ಹಕ್ಕಿನ ಅರ್ಥವೇ ಕೆಡುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಪ್ರತಿ ಅರ್ಜಿಯ ಜೊತೆ ಒಂದು ಸಾರಾಂಶ ಇರಲೇಬೇಕು, ಅದು 150 ಪದ ಮೀರಬಾರದು ಎಂದು ನಿಯಮವೇ ಇದೆ. ಹಕ್ಕಿನ ಎಲ್ಲೆಯನ್ನು ತೀರ್ಮಾನಿಸುವುದು ಕ್ಲೇಮುಗಳು, ಸಾರಾಂಶ ಇರುವುದು ತಿಳಿಯಲಿ ಎಂದು. ಆ 150 ಪದ ಕನ್ನಡದಲ್ಲಿ, ಮರಾಠಿಯಲ್ಲಿ, ತಮಿಳಿನಲ್ಲಿ ಸಿಗುವಂತೆ ಮಾಡುವುದು ಸರ್ಕಾರಕ್ಕೆ ಭಾರವಲ್ಲ. ಇದೇ ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು. ಅದರ ನೋಂದಣಿಯೂ ಪೇಟೆಂಟ್ ನೋಡಿಕೊಳ್ಳುವ ಇಲಾಖೆಯದೇ ಕೆಲಸ. ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡ ಅಜ್ಜಿಗೂ ತನ್ನ ಹಣ್ಣಿನ ಹಕ್ಕು ಏನು ಎಂದು ತನ್ನ ಮಾತಿನಲ್ಲಿ ಗೊತ್ತಿರಬೇಕು, ಶೆಡ್ಡಿನ ಕೆಲಸಗಾರನಿಗೂ ತನ್ನ ಕೈಕೆಲಸದ ಹಕ್ಕು ಗೊತ್ತಿರಬೇಕು.

ಅರ್ಜಿ ಹಾಕುವವರಿಗೆ ನನ್ನದೊಂದು ಸಲಹೆ. ಕಳಿಸುವ ಮೊದಲು ಕ್ಲೇಮನ್ನು ನಿಮ್ಮ ಭಾಷೆಯಲ್ಲಿ, ಅದನ್ನು ಕೈಯಾರೆ ಮಾಡಿದವನಿಗೆ ಓದಿ ಹೇಳಿ. ಅವನು ‘ಇಷ್ಟೇನಾ?’ ಎಂದರೆ ಬರವಣಿಗೆ ತಪ್ಪಿದೆ ಎಂದೇ ಅರ್ಥ.

ವರದಿಗೆ ಉತ್ತರಿಸಲು ಆರು ತಿಂಗಳ ಗಡುವಿರುತ್ತದೆ. ನನ್ನ ಗೆಳೆಯ ಅದರೊಳಗೆ ಉತ್ತರ ಕಳಿಸಿದ. ಮೊದಲ ಕ್ಲೇಮು ಈಗ ಕಿರಿದಾಗಿದೆ: ಮೂರು ಗುಂಡು, ಅದರಲ್ಲಿ ಎರಡು ಕರೆಂಟು ಹೊರುವಂಥವು, ತಟ್ಟೆಗೆ ಬೇರೆ ವೈರಿಲ್ಲ. ಪೇಟೆಂಟ್ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ವಿಚಾರಣೆ ಇದ್ದರೆ ವಿಡಿಯೋದಲ್ಲೇ ನಡೆಯುತ್ತದೆ, ಘಾಟ್ ಇಳಿಯುವ ಅಗತ್ಯವಿಲ್ಲ.

ಹೋದ ವಾರ ಫೋನ್ ಮಾಡಿದ್ದ. “ಸರ, ಒಂದು ತಪ್ಪಾಗಿತ್ತು ನೋಡ್ರಿ. ಅರ್ಜ್ಯಾಗ ಆವಿಷ್ಕಾರ ಮಾಡಿದವ್ರು ಅಂತ ನನ್ನ ಹೆಸರು ಒಂದೇ ಇತ್ತು. ಅವನ ಹೆಸರೂ ಸೇರಸ್ಬೇಕಲ್ಲ? ಅದಕ್ಕೇನು ಫಾರ್ಮ್ ಐತ್ರಿ?”

ಇದೆ. ಯಾವುದು ಎಂದು ಹುಡುಕಿ ಹೇಳಿದೆ.